ಅತ್ತೆಯ ಓಕ್ ಮರಕ್ಕೆ ಬಿದ್ದ ಗುರುತು

ಸೀಡರ್ ಕೀ ದ್ವೀಪ. ಮಾರ್ಚ್ 6, 1911, ಸೋಮವಾರ

ಸಿಕ್ಕಿತು, ಸಿಕ್ಕಿತು, ದೋಣಿಯ ಮೂತಿಗೆ ಬೇಕಾದ ಬಾಗು ಸಿಕ್ಕಿತು — ಹುಡುಕಿದವಳು ನಾನು! ಮದುವೆಯಾಗಿ ಇನ್ನೂ ಎರಡು ತಿಂಗಳಿಲ್ಲ, ಆಗಲೇ ದೋಣಿ ಕಟ್ಟುವವನ ಹೆಂಡತಿ ಅನ್ನಿಸಿಕೊಂಡೆ. ನನ್ನ ಗಂಡ ಲೆಮ್ ಪಾಪ, ತೆಳು ಹಲಗೆಯ ಅಚ್ಚು ಹೊತ್ತುಕೊಂಡು ಕಂಡ ಕಂಡ ಓಕ್ ಮರಕ್ಕೆಲ್ಲ ಹಿಡಿದು ನೋಡುತ್ತಿದ್ದ. ಗಾಳಿಗೆ ತಾನಾಗಿ ಬಗ್ಗಿ ಬೆಳೆದ ಮರವೇ ಆಗಬೇಕು. ನೇರ ಮರವನ್ನು ಬಾಗಾಗಿ ಕೊಯ್ದರೆ ಅಲೆಗೆ ಸೀಳುತ್ತದಂತೆ. ಇವತ್ತು ಅಚ್ಚು ಮನೆಯಲ್ಲೇ ಬಿಟ್ಟು ಪಕ್ಕದ ದ್ವೀಪಕ್ಕೆ ಹೋಗಿದ್ದ. ತಮಾಷೆಗೆ ಅಚ್ಚನ್ನು ನಮ್ಮ ಹಿತ್ತಲ ಮರಕ್ಕೇ ಹಿಡಿದೆ... ಕೂದಲೆಳೆಯಷ್ಟೂ ಸಂದಿಲ್ಲ!

ಕೊಡಲಿಯಿಂದ ತೊಗಟೆ ಕೆತ್ತಿ ಲೆಮ್‌ನ ಗುರುತು ಹಾಕಿದೆ. ಗುರುತು ಬಿದ್ದ ಮರ ಆ ದೋಣಿಗೇ ಮೀಸಲು, ಇಲ್ಲಿ ಹಾಗೆ. ದೋಣಿ ಮಾಡಿಸುತ್ತಿರುವ ಕ್ಯಾಪ್ಟನ್ ಡಾಸೆಟ್ ಬೇಲಿಯಾಚೆ ಹೋಗುತ್ತಿದ್ದರು. ಕರೆದು ತೋರಿಸಿಯೂ ಬಿಟ್ಟೆ. ಗುರುತನ್ನು ಕೈಯಿಂದ ಮುಟ್ಟಿದರು. ಅಂದರೆ ಒಪ್ಪಿದರು.

ಲೆಮ್ ಬರಲಿ, ಕುಣಿದಾಡುತ್ತಾನೆ!

ಅದೇ ದಿನ, ಸಂಜೆ

ಕುಣಿಯಲಿಲ್ಲ. ಮರದ ಮುಂದೆ ನಿಂತೇ ಇದ್ದ. ಮೀನು ಬಡಿಸಿದರೆ ಮುಟ್ಟಲಿಲ್ಲ.

"ಅಚ್ಚು ಇದಕ್ಕೆ ಹೊಂದುತ್ತೆ ಅಂತ ನಂಗೆ ಮೊದಲ ದಿನವೇ ಗೊತ್ತಿತ್ತು ಕಣೆ," ಅಂದ. "ಅಮ್ಮ ನನ್ನನ್ನ ಕಟ್ಟಿದ್ದು ಆ ಬಾಗಿಗೇ."

ಆಗ ಅವನಿಗೆ ಆರು ವರ್ಷ. ಬಿರುಗಾಳಿಗೆ ಸಮುದ್ರ ದ್ವೀಪದ ಮೇಲೇ ಬಂತು. ಅತ್ತೆ ಅವನನ್ನೂ ಅವನ ಅಕ್ಕನನ್ನೂ ಬಲೆಯ ಹಗ್ಗದಲ್ಲಿ ಬಿಗಿದು, ತಾವು ಬೊಡ್ಡೆ ತಬ್ಬಿ ನಿಂತರಂತೆ. ಮನೆ ಹೋಯಿತು. ನೇರ ನಿಂತ ಪೈನ್ ಮರಗಳೆಲ್ಲ ಮುರಿದವು. ಇದು ಮಾತ್ರ ಉಳಿಯಿತು, ಎಲೆ ಕೂಡ ಉದುರಿಸದೆ. ಇಂದಿಗೂ ಅತ್ತೆ ಅದಕ್ಕೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಲೂ ಬಿಡುವುದಿಲ್ಲ.

ಮಗಳ ಹೆರಿಗೆಗೆಂದು ವಾಲ್ಡೋ ಊರಿಗೆ ಹೋಗುವಾಗ ಮನೆಯ ಬೀಗದ ಕೈ ನನಗೇ ಕೊಟ್ಟು ಹೋಗಿದ್ದರು. ನನಗೆ!

ಮಾರ್ಚ್ 8

ಕ್ಯಾಪ್ಟನ್ ಹತ್ತಿರ ಒಬ್ಬಳೇ ಹೋದೆ. ಸಿಂಪಿ ಒಡೆಯುತ್ತ ಕೂತಿದ್ದರು. ತಪ್ಪು ನನ್ನದು, ಗುರುತು ವಾಪಸ್ ಬೇಕು ಅಂದೆ. ತಲೆ ಎತ್ತದೆಯೇ ಕೇಳಿದರು:

"ಹಾಕಿದ ಗುರುತನ್ನ ಹೆಂಡತಿ ಅಳಿಸ್ತಾಳೆ ಅಂದ್ರೆ, ನಾಳೆ ನಿನ್ನ ಗಂಡನ ಮಾತನ್ನ ಯಾರಮ್ಮ ನಂಬ್ತಾರೆ?"

ಆದರೂ ಎದ್ದು ಬರಲಿಲ್ಲ. ಕೊನೆಗೆ ಅಂದರು — ಭಾನುವಾರದೊಳಗೆ ಅಂಥದ್ದೇ ಬಾಗು ತಂದರೆ ಸರಿ. ಇಲ್ಲದಿದ್ದರೆ ಸೋಮವಾರ ಹಿತ್ತಲ ಮರಕ್ಕೆ ಕೊಡಲಿ ಏಟು.

ಮಾರ್ಚ್ 12, ಭಾನುವಾರ

ಬರೆಯಲು ಪುರುಸೊತ್ತಿರಲಿಲ್ಲ. ಅಂಗೈ ತುಂಬ ಬೊಬ್ಬೆ. ಲೆಮ್ ಪೆನ್ಸಿಲ್ ಚೂಪು ಮಾಡಿಕೊಟ್ಟ — ಎಷ್ಟು ಒಳ್ಳೆಯವನು!

ನೆಲದ ಮೇಲೆ ಎಲ್ಲೂ ಬಾಗು ಸಿಗಲಿಲ್ಲ. ಆಮೇಲೆ ಅವನೇ ಅಂದ, ಮರಳೊಳಗೆ ನೋಡೋಣ ಅಂತ. ದಿಬ್ಬದ ಮೇಲಿನ ಓಕ್ ಗುಂಪು ನನ್ನ ಕಣ್ಣಿಗೆ ಇಪ್ಪತ್ತು ಬೇರೆ ಬೇರೆ ಮರ. ಕೆಳಗೆ ಎಲ್ಲಕ್ಕೂ ಒಂದೇ ಬೇರು! ಹಳೆಯ ಬಿರುಗಾಳಿಗೆ ಮುರಿದ ಬೊಡ್ಡೆಯೊಂದು ಅಲ್ಲೇ ಹೂತಿತ್ತು. ಅಗೆದೆವು, ಮರಳು ಮತ್ತೆ ತುಂಬಿತು, ಮತ್ತೆ ಅಗೆದೆವು. ಬೊಡ್ಡೆ ಬೇರಿಗೆ ತಿರುಗುವಲ್ಲಿ ಒಂದು ಬಾಗು, ಕಬ್ಬಿಣದಷ್ಟು ಗಟ್ಟಿ. ಅಚ್ಚಿಗೂ ಅದಕ್ಕೂ ಒಂದು ಬೆರಳು ವ್ಯತ್ಯಾಸ. ಲೆಮ್ ಕೆತ್ತಿ ಸರಿ ಮಾಡುತ್ತಾನಂತೆ.

ಕ್ಯಾಪ್ಟನ್ ಬಂದು ಬಗ್ಗಿ ನೋಡಿದರು, ಕಾಲಿಂದ ಒದ್ದು ನೋಡಿದರು. "ಇದಕ್ಕಾದ್ರೂ ಗುರುತು ನಿನ್ನ ಗಂಡನೇ ಹಾಕ್ಲಿ," ಅಂದರು.

ನಕ್ಕು ನಕ್ಕು ಮರಳ ಮೇಲೇ ಕೂತುಬಿಟ್ಟೆ.

ಮಾರ್ಚ್ 14, ಮಂಗಳವಾರ

ರೈಲಿನ ಗಾರ್ಡ್ ಹೇಳಿ ಹೋದರು: ಲೆಮ್‌ನ ಅಕ್ಕನಿಗೆ ಹೆಣ್ಣು ಮಗು, ಅತ್ತೆ ಗುರುವಾರ ಹೊರಡುತ್ತಾರಂತೆ.

ಮರ ಉಳಿಯಿತು. ಗಾಯ ಉಳಿದಿದೆ. ಅಂಗೈಯಗಲ, ಹಸಿಯಾಗಿ, ಅಡುಗೆಮನೆಯ ಕಿಟಕಿಗೆ ನೇರ ಎದುರು. ಮೇಲೆ ಬಲೆ ನೇತುಹಾಕೋಣ, ತೊಗಟೆ ಕೂಡಿಕೊಳ್ಳುವವರೆಗೆ ಕಾಣುವುದಿಲ್ಲ ಅಂತಾನೆ ಲೆಮ್. ಬೇಡ ಅಂದೆ. ಅವರ ಕಣ್ಣಿಗೆ ಬೀಳುವ ಮುಂಚೆ ನನ್ನ ಬಾಯಿಂದಲೇ ಕೇಳಬೇಕು. ಪ್ಲಾಟ್‌ಫಾರಂನಲ್ಲೇ. ಟ್ರಂಕ್ ಇಳಿಸುವ ಮೊದಲೇ.

"ಹಾಗಾದ್ರೆ ನಾನು ಟ್ರಂಕಿನ ಹಿಂದೆ ನಿಂತಿರ್ತೀನಿ," ಅಂದ ಹೇಡಿ.

ಅತ್ತೆ ಬೀಗದ ಕೈ ತಿರುಗಿ ಕೇಳಿದರೆ ಕೊಡುತ್ತೇನೆ. ಕೇಳದಿದ್ದರೆ... ದೇವರೇ, ಕೇಳದಿರಲಿ.

ಗುರುವಾರ, ವಾಲ್ಡೋದಿಂದ ಬರುವ ಸಂಜೆಯ ಟ್ರೇನ್‌ಗೆ ಬೀಗದ ಕೈ ಹಿಡಿದು ನಿಲ್ದಾಣದಲ್ಲಿರುತ್ತೇನೆ.