ಬೇಸಿಗೆ ರಜೆ ಇಲ್ಲದವಳು

ಕೊವಲ್ ಕ್ರೀಕ್, ಆಲ್ಬರ್ಟಾ
ಫೆಬ್ರವರಿ ೧೮

ಮುದ್ದಿನ ಲರಿಸಾ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ತಡವಾಯಿತೆಂದು ಬೇಜಾರಾಗಬೇಡ ಕಂದಾ. ಚಳಿಗೆ ನೀರಿನ ಪೈಪು ಒಡೆದಿತ್ತು, ಸರಿಮಾಡಿಸಿದ್ದಾಯಿತು. ದಿನಗಳು ಹೇಗೋ ಸಾಗುತ್ತಿವೆ.

ಮನಸ್ಸನ್ನೆಲ್ಲ ಆಸ್ಪತ್ರೆಯ ಸಮಿತಿ ತಿನ್ನುತ್ತಿದೆ. ವೈದ್ಯಕೀಯ ಓದು ಮುಗಿಸಿ ಇಲ್ಲಿ ತರಬೇತಿಗೆ ಬರಬಯಸುವವರನ್ನು ಸಂದರ್ಶಿಸಿ, ಯಾರು ಮುಂದೆ ಯಾರು ಹಿಂದೆ ಎಂದು ನಿರ್ಧರಿಸುವುದು ನಮ್ಮ ಕೆಲಸ. ಊರಿನವರ ಪರವಾಗಿ ನಾನೊಬ್ಬಳೇ. ಈ ಸಲ ಕೆಂಡ್ರಾ ಎಂಬ ಹುಡುಗಿ ಬಂದಿದ್ದಳು. ನಾಲ್ಕು ವರ್ಷದ ಓದನ್ನು ಮೂರರಲ್ಲೇ ಮುಗಿಸುವ ಕಾಲೇಜಿನವಳು. ಪಕ್ಕದೂರಿನ ಗೋಧಿ ಬೆಳೆಯುವ ಮನೆಯವಳು. ತರಬೇತಿ ಮುಗಿದ ಮೇಲೂ ಇಲ್ಲೇ ಇರುತ್ತೇನೆ ಎಂದಳು. ಡಾಕ್ಟರೊಬ್ಬರ ಬಾಯಲ್ಲಿ ಆ ಮಾತು ಕೇಳಿ ಎಷ್ಟು ಕಾಲವಾಗಿತ್ತು.

ಸಮಿತಿಯಲ್ಲಿ ಹಿಂದಿನಿಂದ ಬಂದ ಪ್ರಶ್ನೆಯೊಂದಿದೆ: ಬೇಸಿಗೆ ರಜೆಯಲ್ಲಿ ಏನು ಮಾಡಿದಿರಿ? ಉಳಿದವರೆಲ್ಲ ಸಂಶೋಧನೆ, ಸೇವಾ ಶಿಬಿರ ಎಂದರು.

"ಮೂರೇ ವರ್ಷಕ್ಕೆ ಮುಗಿಸ್ಬೇಕಲ್ಲ, ನಮಗೆ ಬೇಸಿಗೆ ರಜೆನೇ ಇರಲ್ಲ ಸರ್. ಆಗ್ಲೂ ವಾರ್ಡಲ್ಲೇ ಇರ್ತೀವಿ" ಎಂದಳು ಕೆಂಡ್ರಾ.

ಅಧ್ಯಕ್ಷ ಡಾ. ಪ್ರಿಂಗಲ್ ಅದಕ್ಕೆ ಸೊನ್ನೆ ಹಾಕಿದರು. ಆ ಸೊನ್ನೆಯಿಂದ ಅವಳು ಹನ್ನೊಂದನೆಯವಳಾದಳು. ಇರುವ ಜಾಗ ಎರಡು.

"ಅಲ್ಲ ಡಾಕ್ಟ್ರೇ, ರಜೆ ಇಲ್ದೆ ದುಡಿದೋಳಿಗೆ ರಜೆ ತಗೊಳ್ಲಿಲ್ಲ ಅಂತ ಸೊನ್ನೆನಾ?" ಎಂದೆ.

"ಡೋರೀನ್, ನೀವು ನೋಡ್ಕೋತಿದ್ದ ಲೈಬ್ರರಿಗೆ ಕಾಲು ಭಾಗ ಹಾಳೆ ಹರಿದುಹೋದ ಪುಸ್ತಕ ತಂದ್ಕೊಟ್ರೆ ಸುಮ್ನೆ ಇಟ್ಕೋತಿದ್ರಾ?" ಎಂದರು ಪ್ರಿಂಗಲ್.

"ಹರಿದಿರೋದು ಖಾಲಿ ಹಾಳೆ ಆಗಿದ್ರೆ ಇಟ್ಕೋತಿದ್ದೆ. ಇವಳಿಗೆ ಹೋಗಿರೋದು ಬರೀ ರಜೆ ತಾನೇ" ಎಂದೆ.

ಎಲ್ಲರೂ ನಕ್ಕರು, ಅವರೂ ನಕ್ಕರು. ಸೊನ್ನೆ ಮಾತ್ರ ಅಲ್ಲೇ ಉಳಿಯಿತು.

ಎಪ್ಪತ್ತರ ದಶಕದಲ್ಲೂ ಮೂರೇ ವರ್ಷ ಓದಿ ಡಾಕ್ಟರಾದವರನ್ನು ಅರೆಬೆಂದವರೆಂದು ಜರೆಯುತ್ತಿದ್ದರು. ಹೆರಿಗೆಯಲ್ಲಿ ನಿನ್ನ ಕೊರಳಿಗೆ ಸುತ್ತಿದ್ದ ಹೊಕ್ಕುಳಬಳ್ಳಿ ಬಿಡಿಸಿ ಬದುಕಿಸಿಕೊಟ್ಟ ಡಾ. ಹಾಲ್ವರ್ಸನ್ ಅಂಥವರೇ. ಅದನ್ನೂ ಹೇಳಿದೆ. "ಅದು ಆಗಿನ ಕಾಲ" ಎಂದರು ಪ್ರಿಂಗಲ್. ಮರೆತವರಿಗೆ ಪ್ರತಿ ಕಾಲವೂ ಹೊಸದೇ. ಶುಕ್ರವಾರ ಕೊನೆಯ ಸಭೆ. ಆಮೇಲೆ ಹೆಸರು ಮೇಲೆ ಕೆಳಗೆ ಮಾಡುವಂತಿಲ್ಲ. ಅವಳು ಕೈತಪ್ಪಿದರೆ ಈ ಊರಿಗೆ ಇನ್ಯಾರು ಬರುತ್ತಾರೆ ಎಂಬ ಯೋಚನೆಗೆ ಊಟವೇ ಸೇರುತ್ತಿಲ್ಲ.

ನೀನು ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನೂ ಮಕ್ಕಳನ್ನೂ ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ಡೋರೀನ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಭಾನುವಾರ ಅಪ್ಪನಿಗೆ ಉಸಿರು ಕಟ್ಟಿತು. ಆಸ್ಪತ್ರೆಗೆ ಕರೆದೊಯ್ದೆ. ತರಬೇತಿಯಲ್ಲಿರುವ ಡಾಕ್ಟರ್ ಹುಡುಗಿಯೊಬ್ಬಳು ನೋಡಲು ಬಂದಳು. "ಎಷ್ಟು ವರ್ಷ ಓದಿದ್ದೀಯಮ್ಮಾ?" ಎಂದೆ. "ಮೂರು" ಎಂದಳು. "ದೊಡ್ಡೋರು ಯಾರಾದ್ರೂ ಇದ್ರೆ ಕಳ್ಸು" ಅಂದುಬಿಟ್ಟೆ. ಅವಳು ಅಪ್ಪನ ಮೂಗಿಗೆ ಆಮ್ಲಜನಕದ ಕೊಳವೆ ಸಿಕ್ಕಿಸಿ ಹೋದಳು. ಅಪ್ಪ ಏದುಸಿರು ಬಿಡುತ್ತ ನನ್ನನ್ನೇ ನೋಡುತ್ತಿದ್ದರು. ಈಗ ಪರವಾಗಿಲ್ಲ, ಇನ್ನೂ ವಾರ್ಡಿನಲ್ಲಿದ್ದಾರೆ. ಸಾಧ್ಯವಾದರೆ ಬಾ. ಆ ಹುಡುಗಿ ಹೋಗಿ ಕರೆತಂದದ್ದು ಪ್ರಿಂಗಲ್ ಅವರನ್ನು. ನಾನು ಅವಳಿಗೆ ಅಂದದ್ದು ಅವರಿಗೂ ಗೊತ್ತಾಗಿದೆ. ಶುಕ್ರವಾರ ಅವರ ಎದುರೇ ಕೂತು ನಾನು ಕೆಂಡ್ರಾ ಪರವಾಗಿ ಬಾಯಿ ತೆರೆಯಬೇಕು.