ಬಂಡಿಯ ಮುಂದೆ ನಿಂತ ಫೋಟೊ

ಯೂಟಾ, ಅಮೆರಿಕ, ಜೂನ್ 2007

ಅಕ್ಕಾ,

ಈ ಕಾರ್ಡ್ ಸಿಂಗಾಪುರದ ಜುರಾಂಗ್ ವೆಸ್ಟ್‌ಗೆ ಬರುವ ಮೊದಲು ನಾವೇ ಬಂದಿರುತ್ತೇವೇನೋ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಮಗ ನಿದ್ದೆ ಹೋದರೆ ಕಾರಿನಲ್ಲಿ ಮಾತಾಡುವುದು ಜಿಪಿಎಸ್ ಒಂದೇ. ಟಿಕೆಟ್ ಕ್ಯಾನ್ಸಲ್ ಆಗುವುದಿಲ್ಲ ಅಂತ ಡಿವೋರ್ಸ್‌ಗೆ ಮುಂಚೆ ಪ್ರವಾಸ ಬಂದ ಗಂಡ ಹೆಂಡತಿ ನಾವಿಬ್ಬರೇ ಇರಬೇಕು. ರಸ್ತೆಯ ಪಕ್ಕದಲ್ಲೇ ಕೆಂಪು ಬಂಡೆ ಸೀಳಿ ಪಾತಾಳಕ್ಕೆ ಇಳಿದಿದೆ. ಅದನ್ನೇ ನೋಡುತ್ತಿದ್ದರೆ ನಚಿಕೇತನ ಮುಖ ನೋಡಬೇಕಾಗಿಲ್ಲ.

ಇವತ್ತು, ನೂರೈವತ್ತು ವರ್ಷದ ಹಿಂದೆ ಎತ್ತಿನ ಬಂಡಿಗಳಲ್ಲಿ ಬಂದು ಈ ಬೆಂಗಾಡಿನಲ್ಲಿ ನೆಲೆಸಿದವರ ಮ್ಯೂಸಿಯಂಗೆ ಹೋಗಿದ್ದೆವು. ಅಲ್ಲೊಬ್ಬ ಅಜ್ಜಿ ನಮಗೆ ಆ ಕಾಲದ ಉಡುಪು ತೊಡಿಸಿ, ಬಂಡಿಯ ಮುಂದೆ ನಿಲ್ಲಿಸಿ, ಇನ್ನೂ ಹತ್ತಿರ ನಿಲ್ಲಿ ಎಂದು ಗದರಿಸಿ ಫೋಟೊ ತೆಗೆದಳು. ನನ್ನ ತಲೆಗೊಂದು ಕುಲಾವಿ ಬೇರೆ! ಎಷ್ಟು ಪ್ರತಿ ಬೇಕು ಎಂದು ಕೇಳಿದಾಗ ನಚಿಕೇತ ತಟ್ಟನೆ ಎರಡು ಅಂದುಬಿಟ್ಟ.

"ಎರಡು ಯಾಕಪ್ಪಾ? ಒಂದು ಸಾಕು ಲಾ, ನಮ್ದು ಒಂದೇ ಮನೆ ಅಲ್ವಾ?" ಎಂದ ನಮ್ಮ ವಿಭವ್, ತನ್ನ ಸಿಂಗಾಪುರದ 'ಲಾ' ಸೇರಿಸಿ.

ನಚಿಕೇತ ಪರ್ಸ್ ತೆಗೆದು ದುಡ್ಡು ಎಣಿಸತೊಡಗಿದ, ನಾನು ಕುಲಾವಿಯ ಗಂಟು ಬಿಚ್ಚತೊಡಗಿದೆ. ಮಗು ಒಮ್ಮೆ ಅವನ ಮುಖ ನೋಡಿತು, ಒಮ್ಮೆ ನನ್ನ ಮುಖ ನೋಡಿತು. ಆಮೇಲೆ ಮೆಲ್ಲಗೆ, "ಹಾಗಾದ್ರೆ ನಂಗೂ ಒಂದು ಬೇಕು" ಅಂದಿತು.

ಇಲ್ಲಿನ ಒಣ ಹವೆಗೆ ವಿಭವ್‌ನ ಮೂಗಿನಲ್ಲಿ ರಕ್ತ ಬರುತ್ತಿತ್ತು, ಕೊಬ್ಬರಿ ಎಣ್ಣೆ ಹಚ್ಚಿದ ಮೇಲೆ ನಿಂತಿದೆ. ನಚಿಕೇತ ಹಾರ್ನ್ ಹೊಡೆಯುತ್ತಿದ್ದಾನೆ, ಹೊರಡಬೇಕು. ಸಿಂಗಾಪುರಕ್ಕೆ ಬಂದ ಮೇಲೆ ವಿಭವ್‌ನನ್ನು ಕೂರಿಸಿಕೊಂಡು ನಮ್ಮ ವಿಷಯ ನೀನೇ ನಿಧಾನವಾಗಿ ಹೇಳು ಅಂತ ಕೇಳಿಕೊಂಡಿದ್ದೆನಲ್ಲ, ಇನ್ನು ಬೇಡ ಅಕ್ಕಾ.

ಶುಭಾ