ಶಾಲೆಯ ಪಾಲೆಮರ

೯ ಮಾರ್ಚ್ ೧೯೫೮, ಭಾನುವಾರ

ಕ್ಲಾಸಿನ ಬೋರ್ಡಿಗೆ ಇವತ್ತೂ ಇದ್ದಿಲು ಬಳಿದೆ. ಗೆದ್ದಲು ತಿಂದ ಹಲಗೆ, ಬಳಿದಷ್ಟೂ ಉದುರುತ್ತದೆ. ಸಂಜೆ ಶಾಲಾ ಕಮಿಟಿಯ ಮೀಟಿಂಗ್. ಕೊನೆಗೂ ತೀರ್ಮಾನ — ಅಂಗಳದ ಪಾಲೆಮರ ಕಡಿದು ಹೊಸ ಬೋರ್ಡು. ಕೊಯ್ಯಿಸುವ ಜವಾಬ್ದಾರಿ ಈಪ್ಪನ್ ಅವರದು. ಕೇರಳದಿಂದ ಬಂದು ರಬ್ಬರ್ ಹಾಕಿದವರು. ಮರ ಕಂಡರೆ ಹಲಗೆಯೇ ಕಾಣುತ್ತದೆ ಅವರಿಗೆ.

ಎರಡನೇ ಕ್ಲಾಸಿನ ಸೀತುವಿನ ಅಪ್ಪ ಚನಿಯಪ್ಪ ಬಾಗಿಲಲ್ಲೇ ನಿಂತು ಕೇಳಿದ: "ಆಟಿ ಅಮಾಸೆಗೆ ಮದ್ದಿನ ಕೆತ್ತೆ ಎಲ್ಲಿಂದ ತರುದು ಧಣಿಗಳೇ? ಊರಿಗೆಲ್ಲ ಇದೇ ಮರ ಅಲ್ವಾ?" ಮಳೆಗಾಲದ ಆ ಅಮಾವಾಸ್ಯೆಗೆ ಇಲ್ಲಿ ಮನೆಮನೆಯಲ್ಲೂ ಪಾಲೆಯ ತೊಗಟೆಯ ಕಷಾಯ ಕುಡಿಯುತ್ತಾರೆ.

"ಗುಡ್ಡೆಯಲ್ಲಿ ಬೇರೆ ಮರ ಇಲ್ವಾ ಮಾರಾಯ?" — ಅಧ್ಯಕ್ಷ ಪರಮೇಶ್ವರಯ್ಯ.

ಎಲ್ಲರೂ ನಕ್ಕರು. ನಾನೂ. ಬೋರ್ಡು ಸಿಗುತ್ತದಲ್ಲ!

೨ ಜೂನ್

ಹೊಸ ಬೋರ್ಡು. ಕಪ್ಪಗೆ, ನುಣ್ಣಗೆ. ಮೊದಲ ಅಕ್ಷರ ಸೀತುವಿನಿಂದಲೇ ಬರೆಯಿಸಿದೆ. ಅಂಗಳದಲ್ಲಿ ಬುಡ ಮಾತ್ರ ಉಳಿದಿದೆ.

೧೫ ಆಗಸ್ಟ್, ಆಟಿ ಅಮಾವಾಸ್ಯೆ

ಧ್ವಜಕ್ಕೆ ಮಕ್ಕಳು ಸಾಲು ನಿಂತಿದ್ದರು. ಸುದ್ದಿ ಬಂತು — ಚನಿಯಪ್ಪ ಹೋದ.

ನಸುಕಿಗೆ ಮೊದಲು, ದೀಪವಿಲ್ಲದೆ, ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯುವುದು ಕ್ರಮ. ಹಿಂದಿನ ಸಂಜೆ ಗುಡ್ಡೆಯ ಪಾಲೆಮರದ ಬುಡದಲ್ಲಿ ಇಟ್ಟು ಬಂದ ಗುರುತಿನ ಕಲ್ಲು ಮಳೆಗೆ ಉರುಳಿತ್ತಂತೆ. ಶಾಲೆಯ ಮರವಾದರೆ ಕಣ್ಣು ಮುಚ್ಚಿಯೂ ಸಿಗುತ್ತಿತ್ತು. ಗುಡ್ಡೆಯ ಕತ್ತಲೆಯಲ್ಲಿ ಸಿಕ್ಕಿದ್ದು ಕಾಸರಕ. ವಿಷದ ಮರ. ಕಷಾಯ ಮೊದಲು ತಾನೇ ಕುಡಿದನಂತೆ... ಉಪ್ಪಿನಂಗಡಿ ಆಸ್ಪತ್ರೆಯ ದಾರಿಯಲ್ಲೇ ಮುಗಿಯಿತು.

ಧ್ವಜ ಏರಿಸಿದೆವು. ಪೆಪ್ಪರಮಿಂಟು ಹಂಚಿದೆವು. ಸೀತುವಿನ ಪಾಲಿನದು ಮೇಜಿನ ಮೇಲೆ ಉಳಿಯಿತು.

೭ ಸೆಪ್ಟೆಂಬರ್

ಸೀತು ಶಾಲೆಗೆ ಬರುತ್ತಿಲ್ಲ. ಮನೆಗೇ ಹೋದೆ. ಅವಳ ಅಮ್ಮ ಹೇಳಿದಳು: "ಆ ಬೋರ್ಡಿನ ಎದುರು ಕೂರ್ಲಿಕ್ಕೆ ಅವಳಿಗೆ ಆಗುದಿಲ್ಲ ಟೀಚರೇ."

ಮೀಟಿಂಗಿನಲ್ಲಿ ಬೋರ್ಡು ತೆಗೆಸಿ ಎಂದೆ. ಪರಮೇಶ್ವರಯ್ಯ ಸಿಡುಕಿದರು: "ಅವ ಸತ್ತದ್ದಕ್ಕೂ ಕಮಿಟಿಗೂ ಎಂತ ಸಂಬಂಧ? ಬೋರ್ಡು ಬೇಕೂಂತ ಹಟ ಹಿಡಿದದ್ದು ನೀವೇ ಅಲ್ವಾ?" ಈಪ್ಪನ್ ತಲೆ ಎತ್ತಲೇ ಇಲ್ಲ. ತೀರ್ಮಾನ — ಬೋರ್ಡು ಇರಲಿ.

೨೦ ನವೆಂಬರ್

ಸೀಮೆಸುಣ್ಣ ಊರಿದರೆ ಟಕ್ ಎನ್ನುತ್ತದೆ. ತೊಗಟೆ ಜಜ್ಜುವ ಕಲ್ಲಿನ ಸದ್ದು. ಕ್ಲಾಸಿನ ಪಕ್ಕದ ಕೋಣೆಯಲ್ಲೇ ನನ್ನ ವಾಸ, ಬಿಟ್ಟು ಹೋಗುವುದೆಲ್ಲಿಗೆ? ಹೆದರಿಕೆ ಎಂದು ಬರೆಯಲು ನಾಚಿಕೆ. ಆದರೆ ಹೆದರಿಕೆಯೇ.

೩ ಆಗಸ್ಟ್ ೧೯೫೯, ಸಂಜೆ

ನಾಳೆ ಆಟಿ ಅಮಾವಾಸ್ಯೆ. ಶಾಲೆ ಬಿಟ್ಟ ಮೇಲೆ ಸೀತು ಬಂದಳು. ಒಂದು ವರ್ಷದ ಮೇಲೆ! ಕೈಯಲ್ಲಿ ಉರುಟು ಕಲ್ಲು. ಬೋರ್ಡಿನ ಕೆಳಗಿಟ್ಟು ಕೈ ಮುಗಿದಳು.

"ಇದರಲ್ಲಿ ಕೆತ್ತೆ ಇಲ್ಲ ಮಗಾ."

"ಗೊತ್ತುಂಟು ಟೀಚರ್. ಕತ್ತಲೆಯಲ್ಲಿ ಅಪ್ಪನಿಗೆ ಮರ ಗೊತ್ತಾಗ್ಬೇಕಲ್ಲ."

ಅತ್ತದ್ದು ನಾನು, ಅವಳಲ್ಲ. ನಾಡಿದ್ದಿನಿಂದ ಶಾಲೆಗೆ ಬರುತ್ತೇನೆ ಎಂದಳು. ಕಲ್ಲು ತೆಗೆಯಲು ಮನಸ್ಸು ಬರಲಿಲ್ಲ. ಬೀಗ ಹಾಕಿದೆ.

೪ ಆಗಸ್ಟ್, ನಸುಕು

ಟಕ್. ಟಕ್. ಕ್ಲಾಸಿನ ಒಳಗಿಂದ.

ಸೀತುವೇ ಎಂದುಕೊಂಡು ಹೊರಗೆ ಹೋದೆ. ಬೀಗ ಹಾಕಿದ ಹಾಗೇ ಇದೆ, ಬೀಗದ ಕೈ ನನ್ನ ಸೆರಗಿನಲ್ಲಿ. ಸದ್ದು ನಿಂತಿತು. ಒಂದು ಕೆಮ್ಮು. ಆಮೇಲೆ ಅದೇ ದನಿ, ಅಂದು ಬಾಗಿಲಲ್ಲಿ ನಿಂತು ಕೇಳಿದ್ದು —

"ಟೀಚರೇ, ಇದೇ ಮರ ಅಲ್ವಾ?"

ಓಡಿ ಬಂದು ಬರೆಯುತ್ತಿದ್ದೇನೆ. ಇನ್ನೂ ಕಾಯುತ್ತಿದ್ದಾನೆ, ಜಜ್ಜುತ್ತಿಲ್ಲ. ಹೇಳಬೇಕು. ಈ ಸಲವಾದರೂ. ಹೋಗಿ, ಬಾಗಿಲು ತೆರೆದು, ಹೌದು ಚನಿಯಪ್ಪಾ, ಇದೇ ಮರ ಎಂದು